ಯಾದಗಿರಿಯ ಮೂರು ಮೆಕ್ಸಿಕೊ

ಮರಿಲಿಂಗಪ್ಪ ಮುನ್ಶಿ ಆವತ್ತು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅವನ ನಾಲಿಗೆ ಇವತ್ತಿಗೂ ನೆಟ್ಟಗಿರುತ್ತಿತ್ತು. ಅವನು ಆಡಿದ್ದು ದೊಡ್ಡ ಮಾತೇನೂ ಅಲ್ಲ. "ಉಂಡೀನ್ರಿ" ಅಂದ, ಅಷ್ಟೇ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಅದು. ಸುರಪುರದ ವಕೀಲ ಸಾಹೇಬರ ಬೈಠಕಿನಲ್ಲಿ ಇಬ್ಬರು ಮುನ್ಶಿಗಳಿದ್ದರು. ಒಬ್ಬ ಮರಿಲಿಂಗಪ್ಪ, ಇನ್ನೊಬ್ಬ ಯಂಕಣ್ಣ. ಇಬ್ಬರೂ ಚಾಪೆಯ ಮೇಲೆ ಕೂತು ಅರ್ಜಿ ನಕಲು ಮಾಡುವವರು. ದೊಡ್ಡ ಮುನ್ಶಿ ಅಯ್ಯಣ್ಣನವರಿಗೆ ಕಣ್ಣು ಮಂಜಾಗಿ ಅವರು ಕೆಲಸ ಬಿಟ್ಟಂದಿನಿಂದ ಅವರ ಕೈಯಿರುವ ಕುರ್ಚಿ ಖಾಲಿ ಬಿದ್ದಿತ್ತು. ಕೆಲಸದಲ್ಲಿ ತಾನೇ ಹಿರಿಯ, ಆದ್ದರಿಂದ ಕುರ್ಚಿ ತನ್ನದೇ ಎಂದು ಮರಿಲಿಂಗಪ್ಪ ನಂಬಿದ್ದ. ಅವನ ಹೆಂಡತಿ ಮಲ್ಲಿಕಮ್ಮನ ನಂಬಿಕೆ ಇನ್ನೂ ಗಟ್ಟಿ. ಆಕೆ ಹಳೇ ಇಳಕಲ್ ಸೀರೆ ಹರಿದು ಆ ಕುರ್ಚಿಯ ಅಳತೆಗೆ ಮೆತ್ತೆ ಹೊಲಿದು ಮುಗಿಸಿದ್ದಳು. ಬಾವಿಕಟ್ಟೆಯಲ್ಲಿ ನಾಲ್ಕು ಜನಕ್ಕೆ ಅದನ್ನು ತೋರಿಸಿಯೂ ಆಗಿತ್ತು. ಕುರ್ಚಿ ಸಿಗುವುದೊಂದು ಬಾಕಿ.

ಹೀಗಿರುವಾಗ ಒಂದು ದಿನ ವಕೀಲರು ಕಾಗದದಿಂದ ತಲೆ ಎತ್ತಿ, "ಯಾದಗಿರಿಯೊಳಗ ಮೆಕ್ಸಿಕೊ ಹೋಟ್ಲ ಅಂತ ಒಂದು ಬಂದದಂತಲ್ಲ, ನಿಮ್ಮೊಳಗ ಯಾರರೆ ಉಂಡೀರೇನು?" ಎಂದು ಕೇಳಿದರು.

ಶಹಾಪುರದಿಂದ ಆಚೆಗೆ ಕಾಲಿಡದ ಮರಿಲಿಂಗಪ್ಪ ತಟ್ಟನೆ, "ಉಂಡೀನ್ರಿ" ಎಂದ. ವಕೀಲರು ಏನೇ ಕೇಳಿದರೂ ಯಂಕಣ್ಣನಿಗಿಂತ ಮೊದಲು ಉತ್ತರ ಕೊಡುವುದು ಅವನ ರೂಢಿ.

ಯಂಕಣ್ಣ ಲೇಖನಿ ಕೆಳಗಿಟ್ಟ. "ಯಾವ ಮೆಕ್ಸಿಕೊದಾಗ ಉಂಡ್ರಿ, ಮರಿಲಿಂಗಣ್ಣ? ಅಲ್ಲಿ ಈಗ ಮೂರು ಅದಾವಲ್ಲ."

"ಮೂರರಾಗೂ ಉಂಡೀನಿ" ಎಂದ ಮರಿಲಿಂಗಪ್ಪ. ಸುಳ್ಳನ್ನು ಅರ್ಧಕ್ಕೆ ಬಿಡುವ ಜಾಯಮಾನ ಅವನದಲ್ಲ.

ವಕೀಲರಿಗೆ ಪರಮಾನಂದವಾಯಿತು. ಅವರ ಹೆಂಡತಿಯ ತಮ್ಮ ಬ್ಯಾರಿಸ್ಟರ್ ಓದಲು ಬಿಲಾಯತಿಗೆ ಹೋದವನು ಯುದ್ಧದ ದೆಸೆಯಿಂದ ಏಳು ವರ್ಷ ಅಲ್ಲೇ ಸಿಕ್ಕಿಬಿದ್ದಿದ್ದ. ಈಗ ಹಡಗು ಇಳಿದು ಗುರುವಾರ ಮುಂಬೈ ಮೇಲ್ ಗಾಡಿಯಲ್ಲಿ ಯಾದಗಿರಿಗೆ ಬರುವವನಿದ್ದ. ಅಂಥವನ ಮುಂದೆ ರೊಟ್ಟಿ ಪಲ್ಯ ಇಟ್ಟರೆ ಮನೆತನದ ಮರ್ಯಾದೆ ಉಳಿಯುತ್ತದೆಯೇ?

"ಮರಿಲಿಂಗಪ್ಪ, ನೀ ಗುರುವಾರ ಮುಂಜಾನೆ ಬಸ್ಸಿಗೇ ಹೋಗು. ಮೂರೂ ಹೋಟ್ಲ ಮತ್ತೊಮ್ಮೆ ನೋಡಿ, ಛಲೋದು ಯಾವುದು ಅಂತ ಗೊತ್ತು ಮಾಡು. ನಾ ನಾಲ್ಕಕ್ಕ ಮೋಟಾರ ತಗೊಂಡು ಸ್ಟೇಷನ್ನಿಗೆ ಬರ್ತೀನಿ. ಯಂಕಣ್ಣ, ನೀನೂ ಜೋಡಿಗೆ ಹೋಗು. ಇದೊಂದು ಸುಸೂತ್ರ ಆತಂದ್ರ ಕುರ್ಚಿ ವಿಚಾರನೂ ಮುಗಿಸಿಬಿಡೂಣು."

ಕಾನೂನು ಬಲ್ಲವರ ಮನೆಯಲ್ಲಿ ದೊಡ್ಡ ಮುನ್ಶಿಯ ಹುದ್ದೆ ಹೀಗೆ ಹೊಟ್ಟೆಯ ಮೇಲೆ ನಿಂತಿತು.

ಗುರುವಾರ ಇದ್ದಿಲ ಹೊಗೆಯ ಬಸ್ಸು ದಾರಿಯುದ್ದಕ್ಕೂ ಕೆಮ್ಮುತ್ತ, ಶಹಾಪುರದ ಗುಡ್ಡದ ಬುಡದಲ್ಲಿ ಒಂದು ತಾಸು ನಿದ್ದೆ ಮಾಡಿ, ಅಂತೂ ಹತ್ತೂವರೆಗೆ ಯಾದಗಿರಿ ಮುಟ್ಟಿತು. ಮರಿಲಿಂಗಪ್ಪ ಇಳಿದು ಸುತ್ತ ನೋಡಿದ. ಜಟಕಾ, ಹತ್ತಿ ಗಾಡಿ, ಸ್ಟೇಷನ್ನಿನ ಕಡೆಯಿಂದ ಗಂಟೆ, ಎಲ್ಲ ಒಮ್ಮೆಲೇ ಮೈಮೇಲೆ ಬಂದವು. ಹೋಟೆಲು ಎಲ್ಲಿದೆಯೆಂದು ಯಾರನ್ನಾದರೂ ಕೇಳೋಣವೆಂದರೆ ಪಕ್ಕದಲ್ಲಿ ಯಂಕಣ್ಣ ಹಲ್ಲು ಕಿರಿಯುತ್ತ ನಿಂತಿದ್ದಾನೆ. ಮೂರು ಹೋಟೆಲಿನಲ್ಲಿ ಉಂಡವನು ದಾರಿ ಕೇಳುವುದು ಹೇಗೆ? ಮರಿಲಿಂಗಪ್ಪ ಧೋತರದ ಚುಂಗು ಹಿಡಿದು, ಎದೆ ಮುಂದೆ ಮಾಡಿ, ಕಣ್ಣಿಗೆ ಬಿದ್ದ ದಿಕ್ಕಿಗೆ ನಡೆದೇಬಿಟ್ಟ.

ಯಂಕಣ್ಣನ ಹೆಂಡತಿಯ ತವರು ಅದೇ ಊರು. ಅವನಿಗೆ ಅಲ್ಲಿನ ಓಣಿಗಳೆಲ್ಲ ಗೊತ್ತು. ಆದರೂ ತುಟಿ ಪಿಟಕ್ಕೆನ್ನದೆ ಬೆನ್ನ ಹಿಂದೆ ನಡೆದ. ಪೇಟೆ ಮುಗಿಯಿತು, ಮನೆಗಳು ಮುಗಿದವು, ಕೋಟೆ ಗುಡ್ಡದ ಮೆಟ್ಟಿಲು ಬಂತು. ಮರಿಲಿಂಗಪ್ಪ ಅದನ್ನೂ ಹತ್ತತೊಡಗಿದ. ನಲವತ್ತು ಮೆಟ್ಟಿಲಾದ ಮೇಲೆ ಯಂಕಣ್ಣ ಬಹಳ ವಿನಯದಿಂದ, "ಅಣ್ಣಾ, ಹೋಟ್ಲದವರು ಕೋಟಿ ಮ್ಯಾಗ ಒಲಿ ಹೂಡ್ಯಾರೇನು?" ಎಂದು ಕೇಳಿದ.

"ಉಣ್ಣೂಕಿಂತ ಮೊದಲು ಹಸಿವು ಮಾಡ್ಕೋಬೇಕಪ್ಪ. ದೊಡ್ಡ ಊರಿನ ಪದ್ಧತಿ. ನಿನಗ ತಿಳಿಯೂದಿಲ್ಲ" ಎಂದು ಮರಿಲಿಂಗಪ್ಪ ಏದುಸಿರು ಬಿಡುತ್ತ ಕೆಳಗಿಳಿದ.

ಕೊನೆಗೆ ಸ್ಟೇಷನ್ ರಸ್ತೆಯಲ್ಲಿ ಮೊದಲನೆಯದು ಸಿಕ್ಕಿತು. ತಗಡಿನ ಮೇಲೆ ಉರ್ದುವಿನಲ್ಲೂ ಕನ್ನಡದಲ್ಲೂ 'ಮೆಕ್ಸಿಕೊ ಹೋಟೆಲ್' ಎಂದಿತ್ತು. ಮಾಲಿಕ ಲಾಲಪ್ಪ ಭೀಮಾ ದಂಡೆಯ ಮೀನುಗಾರರ ಮನೆಯವನು. ಹುಡುಗನಿದ್ದಾಗ ಮುಂಬೈಗೆ ಓಡಿಹೋಗಿ, ಹಡಗಿನ ಅಡುಗೆಮನೆಯಲ್ಲಿ ಗಡಿಗೆ ತಿಕ್ಕುತ್ತ ಅರ್ಧ ಲೋಕ ಸುತ್ತಿ ಬಂದಿದ್ದ. ಅವನು ನಿಜವಾಗಿಯೂ ಮೆಕ್ಸಿಕೊ ದೇಶದ ಬಂದರಿನಲ್ಲಿ ಎರಡು ತಿಂಗಳಿದ್ದವನು. ಊರವರು ಮಾತ್ರ ಮೆಕ್ಕಿಜೋಳ ಬೆಳೆಯುವ ಊರಾದ್ದರಿಂದ ಮೆಕ್ಸಿಕೊ ಎಂದು ಅರ್ಥ ಮಾಡಿಕೊಂಡು, ಅದು ಹೆಚ್ಚೆಂದರೆ ರಾಯಚೂರಿನ ಆಚೆಗಿರಬೇಕು ಎಂದು ತೀರ್ಮಾನಿಸಿದ್ದರು.

ಲಾಲಪ್ಪ ತಟ್ಟೆ ತಂದಿಟ್ಟ. ಮರಿಲಿಂಗಪ್ಪ ಬಗ್ಗಿ ನೋಡಿದ. ಅಂಗೈ ಅಗಲದ ಮೆಕ್ಕಿಜೋಳದ ರೊಟ್ಟಿ. ಪಕ್ಕದಲ್ಲಿ ಬೇಯಿಸಿ ಕಿವುಚಿದ ಅವರೆಯಂಥ ಕಾಳು. ಇನ್ನೊಂದು ಪಕ್ಕದಲ್ಲಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹೆಚ್ಚಿದ ಚಟ್ನಿ. ಮುಂಜಾನೆ ಮಲ್ಲಿಕಮ್ಮ ಬುತ್ತಿ ಕಟ್ಟಿಕೊಡಲು ಬಂದಾಗ ಅವನು ಬೇಡವೆಂದು ತಳ್ಳಿ ಬಂದದ್ದೂ ಇವೇ. ಮಲ್ಲಿಕಮ್ಮನ ರೊಟ್ಟಿ ಇದಕ್ಕಿಂತ ನಾಲ್ಕು ಪಟ್ಟು ದೊಡ್ಡದು, ಅಷ್ಟೇ ಫರಕು.

"ಇದು ರೊಟ್ಟಿ ಅಲ್ಲೇನು?" ಎಂದು ಬಾಯಿ ತಪ್ಪಿ ಕೇಳಿದ.

"ತೊರತಿಯಾ ಅನ್ರಿ" ಎಂದು ಲಾಲಪ್ಪ ಗಂಭೀರವಾಗಿ ತಿದ್ದಿದ. "ರೊಟ್ಟಿ ಅಂದ್ರ ನಿಮ್ಮ ಮನ್ಯಾಗೂ ಅದ, ನನ್ನ ಹೋಟ್ಲಕ್ಕ ಯಾಕ ಬರ್ತೀರಿ?"

ಯಂಕಣ್ಣ ಸಮಯ ಕಾದಿದ್ದ. "ಲಾಲಪ್ಪಣ್ಣಾ, ಇವ್ರು ನಿಮ್ಮ ಹಳೇ ಗಿರಾಕಿ. ಗುರ್ತಾ ಹತ್ತಲಿಲ್ಲೇನು?"

ಲಾಲಪ್ಪ ಮರಿಲಿಂಗಪ್ಪನ ಮುಖವನ್ನು ಖೋಟಾ ನಾಣ್ಯದ ಹಾಗೆ ತಿರುವಿ ತಿರುವಿ ನೋಡಿದ. "ನಾ ಕಂಡಂಗಿಲ್ಲ. ಹಳೇ ಗಿರಾಕಿ ಅಂದ್ರ ಇದನ್ನ ಇಡೀದು ತಿಂತಾರ್ರೀ" ಎನ್ನುತ್ತ ಡಬ್ಬಿಯಿಂದ ಗೋಲಿಯಷ್ಟೇ ಇರುವ ಒಂದು ಕೆಂಪು ಮೆಣಸಿನಕಾಯಿ ತೆಗೆದು ತಟ್ಟೆಯ ನಡುವೆ ಇಟ್ಟ. ಬೀಜ ಹಡಗಿನಲ್ಲಿ ಬಂದದ್ದಂತೆ. ಹಿತ್ತಿಲಲ್ಲಿ ಬಿತ್ತಿ ಬೆಳೆದದ್ದಂತೆ. ಅದರ ಕಡೆ ಕೋಳಿಯೂ ಸುಳಿಯುವುದಿಲ್ಲವಂತೆ.

ಯಂಕಣ್ಣ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಮರಿಲಿಂಗಪ್ಪನ ಕಣ್ಣ ಮುಂದೆ ಕುರ್ಚಿಯ ಎರಡೂ ಕೈಗಳು ಬಂದು ನಿಂತವು. ಕಾಯನ್ನೆತ್ತಿ ಬಾಯಿಗೆ ಹಾಕಿ ಕಚ್ಚಿದ.

ಮೊದಲು ಏನೂ ಆಗಲಿಲ್ಲ. ಅವನು ಯಂಕಣ್ಣನ ಕಡೆ ನೋಡಿ ನಗಲು ತುಟಿ ಬಿಚ್ಚಿದ. ಆಗ ಆಯಿತು. ಕಿವಿಯೊಳಗೆ ಗಿರಣಿ ಸುರುವಾಯಿತು. ಕಣ್ಣು, ಮೂಗು ಎರಡೂ ಒಮ್ಮೆಲೇ ಹರಿದವು. ತಲೆಯ ರುಮಾಲು ತಾನಾಗಿ ಮೇಲೆದ್ದಂತೆ ಅನಿಸಿತು.

"ಹೆಂಗದ, ಅಣ್ಣಾ?" ಎಂದ ಯಂಕಣ್ಣ.

"ಹೋದಸಲದಷ್ಟು ಖಾರ ಇಲ್ಲ" ಎಂದು ಮರಿಲಿಂಗಪ್ಪ ಅಳುತ್ತ ಹೇಳಿದ.

ಅಲ್ಲಿಂದ ಹೊರಬಿದ್ದು ರಸ್ತೆ ದಾಟಿದರೆ ಎದುರಿಗೇ 'ಅಸಲಿ ಮೆಕ್ಸಿಕೊ ಹೋಟೆಲ್'. ಇದರ ಮಾಲಿಕ ಅಮಾತೆಪ್ಪ ಹಿಂದಿನ ವರ್ಷದವರೆಗೆ ಅದೇ ಜಾಗದಲ್ಲಿ ಬಜ್ಜಿ ಕರಿಯುತ್ತಿದ್ದವನು. ಲಾಲಪ್ಪನ ಹೋಟೆಲಿಗೆ ಗಿರಾಕಿಗಳು ಮುಗಿಬೀಳುವುದನ್ನು ಕಂಡು ಹೊಟ್ಟೆಯುರಿದು ತಾನೂ ಬೋರ್ಡು ಬದಲಿಸಿದ್ದ. ಮೆಕ್ಸಿಕೊ ಎಂಬುದು ದೇಶವೋ ದೇವರೋ ಅವನಿಗೆ ತಿಳಿಯದು. ಆದರೆ ಬೋರ್ಡಿನಲ್ಲಿ ಅಸಲಿ ಎಂದು ಬರೆಸಿದ್ದರಿಂದ ಅವನದೇ ಅಸಲಿ.

"ಆ ಲಾಲ್ಯಾಗ ಏನು ಗೊತ್ತದರಿ?" ಎಂದು ಅಮಾತೆಪ್ಪ ಬೆಂಚು ಒರೆಸುತ್ತ ಶುರುಮಾಡಿದ. "ಆ ದೇಶದ ಮಂದಿ ಪಾಪಾಸುಕಳ್ಳಿ ತಿಂತಾರಂತ ಅವನ ಬಾಯಿಲೇನೆ ಕೇಳೀನಿ. ಆದ್ರ ಇವ ಎಂದಾದ್ರೂ ಕಳ್ಳಿ ಮಾಡಿ ಹಾಕ್ಯಾನೇನು? ಅದಕ್ಕ ನಾ ಮಾಡಾಕತ್ತೀನಿ. ಹೊಲದ ಬದುವಿನ ಮ್ಯಾಲ ಬೇಕಾದಷ್ಟು ಬೆಳೀತದ."

ಕಡ್ಲೆಹಿಟ್ಟಿನಲ್ಲಿ ಅದ್ದಿ ಕರಿದ ಕಳ್ಳಿಯ ಬಜ್ಜಿ ಬಂತು, ಎಮ್ಮೆಯ ಕಿವಿಯಷ್ಟು ದೊಡ್ಡದು. ಯಂಕಣ್ಣ ತನಗೆ ಇವತ್ತು ಒಪ್ಪತ್ತು ಎಂದು ಕೈಮುಗಿದುಬಿಟ್ಟ. ಲಾಲಪ್ಪನ ಹೋಟೆಲಿನಲ್ಲಿ ಅವನು ಆರು ತೊರತಿಯಾ ತಿಂದದ್ದನ್ನು ಎತ್ತಿ ಆಡಲು ಮರಿಲಿಂಗಪ್ಪನಿಗೆ ಬಾಯಿ ಸ್ವಾಧೀನದಲ್ಲಿರಲಿಲ್ಲ. ಎಣ್ಣೆಯ ಪದಾರ್ಥ ತಿಂದರೆ ಉರಿ ತಣ್ಣಗಾದೀತೆಂದು ಅವನು ದೊಡ್ಡ ತುಂಡನ್ನೇ ಬಾಯಿಗಿಟ್ಟುಕೊಂಡ.

ಅಮಾತೆಪ್ಪ ಕಳ್ಳಿಯ ದೊಡ್ಡ ಮುಳ್ಳುಗಳನ್ನೆಲ್ಲ ಕೆತ್ತಿ ತೆಗೆದಿದ್ದ. ಸಣ್ಣ ಮುಳ್ಳುಗಳಿರುತ್ತವೆಂಬ ಸುದ್ದಿ ಲಾಲಪ್ಪ ಅವನಿಗೆ ಹೇಳಿರಲಿಲ್ಲ.

ಮರಿಲಿಂಗಪ್ಪ ಬೆಂಚಿನ ಮೇಲಿಂದ ಎದ್ದ. ಮತ್ತೆ ಕೂತ. ಮತ್ತೆ ಎದ್ದ. ಬಾಯಿ ಮುಚ್ಚಲಾಗದೆ, ತೆರೆಯಲಾಗದೆ, ಎರಡೂ ಕೈ ಗಾಳಿಯಲ್ಲಿ ಆಡಿಸಿದ.

"ಕುಣಿಯಾಕತ್ತಾರ ನೋಡ್ರಿ!" ಎಂದು ಅಮಾತೆಪ್ಪ ರಸ್ತೆಯಲ್ಲಿ ಹೋಗುವವರಿಗೆಲ್ಲ ಕೂಗಿ ಹೇಳಿದ. "ಅಸಲಿ ರುಚಿ ಅಂದ್ರ ಹಿಂಗ!" ಐದು ಜನ ಹೊಸ ಗಿರಾಕಿಗಳು ಆಗಲೇ ಒಳಗೆ ಬಂದು ಕೂತರು.

ಮೂರನೆಯ ಮೆಕ್ಸಿಕೊ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿತ್ತು. ಅದನ್ನು ನಡೆಸುವವಳು ಖಾಸಿಂಬೀ ಎಂಬ ಮುದುಕಿ. ಬಾಯಿ ತೆರೆದುಕೊಂಡೇ ಬಂದ ಮರಿಲಿಂಗಪ್ಪನನ್ನು ಆಕೆ ಬಾಗಿಲಲ್ಲೇ ನಿಲ್ಲಿಸಿ, ಬೆಳಕಿಗೆ ತಿರುಗಿಸಿ, ನಾಲಿಗೆ ನೋಡಿದಳು.

"ಯಾ ಅಲ್ಲಾ! ಅಮಾತೆಪ್ಪನ ಕಳ್ಳಿ ತಿಂದೀ ಏನಪ್ಪ, ಬೇಟಾ? ಈ ವಾರದಾಗ ನೀ ನಾಲ್ಕನೇದವ."

ಆಕೆ ಅವನನ್ನು ಕಟ್ಟೆಯ ಮೇಲೆ ಕೂಡಿಸಿ, ಚಿಮಟಿಗೆ ತಂದು, ಒಂದೊಂದೇ ಮುಳ್ಳು ಕಿತ್ತಳು. ಹನ್ನೊಂದು ಬಂದವು. ಯಂಕಣ್ಣ ಪಕ್ಕದಲ್ಲಿ ಕೂತು ಖಿಚಡಿ, ಹುಣಸೆಯ ಖಟ್ಟಾ, ಹಪ್ಪಳ ಹೊಡೆಯುತ್ತಿದ್ದ. ಒಪ್ಪತ್ತು ಯಾವಾಗ ಮುಗಿಯಿತೋ ಅವನಿಗೇ ಗೊತ್ತು.

"ಆದ್ರ ಅಮ್ಮಾ, ಖಿಚಡಿ ಮೆಕ್ಸಿಕೊದ್ದು ಹೆಂಗಾತು?" ಎಂದು ಯಂಕಣ್ಣ ಬಾಯಿ ತುಂಬಿಕೊಂಡೇ ಕೇಳಿದ.

"ನಂಗೇನು ಗೊತ್ತು? ಬೋರ್ಡ ಬರಿಯೋ ಮನಶ್ಯಾ ಎಲ್ಲಾರೂ ಅದನ್ನ ಬರಸಾಕತ್ತಾರಂತ ನಂಗೂ ಅದನ್ನೇ ಬರದು ಹೋದ. ಕೇಳಲೇ ಇಲ್ಲ. ಆವತ್ತಿನಿಂದ ದಿನಾ ಎರಡು ಹಂಡೆ ಖಿಚಡಿ ಸಾಕಾಗವಲ್ಲದು. ನಾ ಯಾಕ ಅಳಸಲಿ?"

ಮರಿಲಿಂಗಪ್ಪ ಎರಡು ಚೊಂಬು ಮಜ್ಜಿಗೆ ಕುಡಿದ. ಜಗತ್ತು ಸ್ವಲ್ಪ ತಣ್ಣಗಾಯಿತು. ಆ ಕ್ಷಣದಲ್ಲೇ ಅವನು ನಿರ್ಧಾರ ಮಾಡಿಬಿಟ್ಟ. ಬ್ಯಾರಿಸ್ಟರರನ್ನು ಇಲ್ಲಿಗೇ ಕರೆತರಬೇಕು. ಖಿಚಡಿಯನ್ನು ಏನೆಂದು ಕರೆದರೂ ಅದರೊಳಗೆ ಮುಳ್ಳಂತೂ ಇಲ್ಲ. ಆದರೆ ಈ ನಿರ್ಧಾರವನ್ನು ಹೇಳಬೇಕಾದ ನಾಲಿಗೆ ಅಷ್ಟರಲ್ಲಿ ಬಾತು ಬದನೆಕಾಯಿಯಾಗಿತ್ತು.

ನಾಲ್ಕಕ್ಕೆ ಸರಿಯಾಗಿ ಮೇಲ್ ಗಾಡಿ ಬಂತು. ಬ್ಯಾರಿಸ್ಟರ್ ಇಳಿದ. ತಲೆಗೆ ಟೋಪಿ, ಕೈಯಲ್ಲಿ ಬೆತ್ತ, ಮೈಮೇಲೆ ಮಾಂಸ ಎಂಬುದು ಹೆಸರಿಗೂ ಇಲ್ಲ. ವಕೀಲರು ಹಾರ ಹಾಕಿ ತಬ್ಬಿಕೊಂಡು, ಕೂಡಲೇ ಮರಿಲಿಂಗಪ್ಪನ ಕಡೆ ತಿರುಗಿದರು.

"ಹೂಂ, ಹೇಳು. ಯಾವ ಹೋಟ್ಲ?"

ಖಾಸಿಂಬೀ ಎನ್ನಲು ಮರಿಲಿಂಗಪ್ಪ ಪ್ರಾಣ ಒತ್ತೆಯಿಟ್ಟು ಹೆಣಗಿದ. ಹೊರಗೆ ಬಂದದ್ದು "ಆ... ಸಿ... ಈ..." ಎಂಬ ಮೂರು ಅಕ್ಷರ.

"ಅಸಲಿ ಅಂತಾನ್ರಿ" ಎಂದ ಯಂಕಣ್ಣ, ತಡಮಾಡದೆ. "ಅಸಲಿ ಮೆಕ್ಸಿಕೊ. ಅಲ್ಲಿ ಉಂಡು ಕುಣದಾನ್ರಿ. ನಾ ಕಣ್ಣಾರೆ ನೋಡೀನಿ."

ಮರಿಲಿಂಗಪ್ಪ ತಲೆ ಅಲ್ಲಾಡಿಸಿದ, ಕೈ ಬೀಸಿದ, ಓಡಿಹೋಗಿ ಮೋಟಾರಿನ ಮುಂದೆ ಅಡ್ಡ ನಿಂತ. ಸಂತೋಷ ಹೆಚ್ಚಾಗಿದೆ ಎಂದುಕೊಂಡು ವಕೀಲರು ಅವನನ್ನೂ ಮೋಟಾರಿನೊಳಗೆ ಎಳೆದುಕೊಂಡರು.

ಅಮಾತೆಪ್ಪ ಬೆಂಚಿನ ಮೇಲೆ ಜಮಖಾನೆ ಹಾಸಿ, ಬಿಲಾಯತಿ ಸಾಹೇಬರಿಗೆಂದು ಇದ್ದದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಕಳ್ಳಿಯನ್ನೇ ಕರಿದು ತಂದ. ಬ್ಯಾರಿಸ್ಟರ್ ಬಜ್ಜಿಯ ವಾಸನೆಗೆ ಕಣ್ಣು ಮುಚ್ಚಿದ. ತುಂಡು ಮುರಿದ. ಬಾಯಿ ತೆರೆದ.

ಮರಿಲಿಂಗಪ್ಪನಿಗೆ ಬೇರೆ ದಾರಿ ಉಳಿಯಲಿಲ್ಲ. ಹಾರಿ ಬಂದು ಬ್ಯಾರಿಸ್ಟರನ ಕೈಯಿಂದ ಆ ತುಂಡು ಕಿತ್ತುಕೊಂಡ. ಅಮಾತೆಪ್ಪ ಅದನ್ನು ಮರಳಿ ಕಸಿಯಲು ಕೈಹಾಕಿದಾಗ ಎಲ್ಲಿ ಬಚ್ಚಿಡಬೇಕೆಂದು ತಿಳಿಯದೆ ತನ್ನ ಬಾಯಿಗೇ ಹಾಕಿಕೊಂಡ.

ವಕೀಲರ ಮುಖ ಕೆಂಡವಾಯಿತು. "ಮರಿಲಿಂಗ್ಯಾ! ಮನಿಗೆ ಬಂದ ಬೀಗರ ಬಾಯಾಗಿನ ತುತ್ತು ಕಸಗೊಂತೀ? ಹಸಗೊಂಡು ಸಾಯಾಕತ್ತಿದ್ದೇನು?"

ಮರಿಲಿಂಗಪ್ಪ ಕಣ್ಣೀರಿಡುತ್ತ ನಾಲಿಗೆ ಹೊರಗೆ ಚಾಚಿ ತೋರಿಸಿದ. ಯಂಕಣ್ಣ ಮೆಲ್ಲಗೆ, "ನೋಡ್ರಿ, ಮ್ಯಾಲ ನಾಲಿಗಿ ಚಾಚಿ ಬ್ಯಾರೆ ಅಣಕಸಾಕತ್ತಾನ" ಎಂದ.

ಬ್ಯಾರಿಸ್ಟರ್ ಕನ್ನಡಕ ಏರಿಸಿಕೊಂಡು ಆ ನಾಲಿಗೆಯನ್ನು ದಾವೆಯ ಸಾಕ್ಷಿಯಂತೆ ಪರೀಕ್ಷಿಸಿದ. ಮೇಲೆ ಹೊಸದಾಗಿ ನೆಟ್ಟ ಮುಳ್ಳುಗಳು ಸಾಲಾಗಿ ಮಿಂಚುತ್ತಿದ್ದವು. ಅವನು ಎದ್ದು ನಿಂತು ಟೋಪಿ ತೆಗೆದ.

"ಮಾಮಾ, ಇಂವಗ ಬೈಬ್ಯಾಡ್ರಿ. ನನ್ನ ಬಾಯಿಗೆ ಬರೋ ಮುಳ್ಳು ತನ್ನ ಬಾಯಾಗ ಚುಚ್ಚಿಸಿಕೊಂಡಾನ. ಹಿಂದ ಬಾದಶಹರ ಮನ್ಯಾಗ ಇಂಥವರಿರ್ತಿದ್ರು, ಮೊದಲು ತಾವು ತಿಂದು ನೋಡವರು. ಏಳು ವರ್ಷ ಬಿಲಾಯತಿಯೊಳಗ ಬರೇ ಕುದಿಸಿದ ಬಟಾಟಿ ತಿಂದು ಬಂದೀನಿ. ಅಲ್ಲಿ ನನಗಾಗಿ ಒಬ್ಬನೂ ಒಂದು ಬಟಾಟಿ ಸುದ್ದಾ ರುಚಿ ನೋಡಲಿಲ್ಲ."

ವಕೀಲರ ಸಿಟ್ಟು ಇಳಿಯಿತು. ಇಳಿದದ್ದಷ್ಟೇ ಅಲ್ಲ, ಹೆಮ್ಮೆಯಾಗಿ ತಿರುಗಿತು. "ಮತ್ತ! ನನ್ನ ಮುನ್ಶಿ ಅಂದ್ರೇನು!" ಎಂದು ಮರಿಲಿಂಗಪ್ಪನ ಬೆನ್ನು ತಟ್ಟಿದರು. ತಟ್ಟಿದ ರಭಸಕ್ಕೆ ಎರಡು ಮುಳ್ಳು ಇನ್ನಷ್ಟು ಒಳಗೆ ಹೋದವು. ಆದರೂ ಮರಿಲಿಂಗಪ್ಪ ನಕ್ಕ. ಯಂಕಣ್ಣನ ಮುಖ ಹುಳಿ ಮಜ್ಜಿಗೆ ಕುಡಿದಂತಾಗಿತ್ತು. ಆ ಮುಖ ನೋಡಲು ಇನ್ನೂ ಹತ್ತು ಮುಳ್ಳು ಚುಚ್ಚಿದರೂ ಸಹಿಸಬಹುದು ಎಂದು ಅವನಿಗೆ ಅನಿಸಿತು.

ಆಗ ಬ್ಯಾರಿಸ್ಟರ್ ವಕೀಲರ ಕೈ ಹಿಡಿದುಕೊಂಡ. "ಮಾಮಾ, ಒಂದು ಮಾತು. ನಾ ಇನ್ನು ಯಾದಗಿರಿಯೊಳಗೇ ವಕಾಲತ್ತು ಸುರು ಮಾಡಾಂವ ಇದ್ದೀನಿ. ಕಾನೂನು ಬಲ್ಲ ಮುನ್ಶಿ ನನಗ ಬ್ಯಾಡ, ಅದು ನನಗೇ ಬರ್ತದ. ಇಂಥವ ಬೇಕು. ಇವನ್ನ ನನಗ ಕೊಟ್ಟುಬಿಡ್ರಿ. ಹೊತ್ತಿಗೆ ಸರಿಯಾಗಿ ಊಟ ತರ್ಬೇಕು, ನನ್ನೆದುರು ತಿಂದು ತೋರಸ್ಬೇಕು, ಅರ್ಧಾ ತಾಸು ಬಿಟ್ಟು ಜೀವ ಇದ್ರ ನಾ ಉಣ್ತೀನಿ."

ಹೆಂಡತಿಯ ತಮ್ಮ ಊರಿಗೆ ಬಂದ ಮೊದಲ ದಿನವೇ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವ ಧೈರ್ಯ ಯಾವ ವಕೀಲನಿಗಿದೆ? "ಕೊಟ್ಟೆ, ತಗೋ" ಎಂದುಬಿಟ್ಟರು. ಮರಿಲಿಂಗಪ್ಪ ಎರಡೂ ಕೈ ಜೋಡಿಸಿ, "ಉ... ಚ್ಚಿ... ಉ... ಚ್ಚಿ..." ಎಂದು ಕುರ್ಚಿಗಾಗಿ ಅಂಗಲಾಚಿದ.

"ಖುಷಿ ಅಂತಾನ್ರಿ" ಎಂದು ಯಂಕಣ್ಣ ಅರ್ಥ ಹೇಳಿದ.

"ಪಾಪ, ಒಳ್ಳೇ ಮನಶ್ಯಾ" ಎಂದರು ವಕೀಲರು. "ಆತಪ್ಪ ಯಂಕಣ್ಣ, ಹಂಗಾರ ಬೈಠಕಿನಾಗ ಇನ್ನ ನೀ ಒಬ್ಬನೇ ಉಳದಿ. ನಾಳಿಂದ ಕುರ್ಚಿ ಮ್ಯಾಲ ಕೂಡು."

ಯಂಕಣ್ಣ ವಕೀಲರ ಕಾಲು ಮುಟ್ಟಿದ. ಆಮೇಲೆ ಮರಿಲಿಂಗಪ್ಪನ ಕಾಲನ್ನೂ ಮುಟ್ಟಿದ.

ಅಷ್ಟರಲ್ಲಿ ಹೋಟೆಲಿನ ಬಾಗಿಲಲ್ಲಿ ನೆರೆದ ಜನರನ್ನು ತಳ್ಳಿಕೊಂಡು ಒಬ್ಬ ಅಪರಿಚಿತ ಮುಂದೆ ಬಂದು ಬ್ಯಾರಿಸ್ಟರನಿಗೆ ಸಲಾಮು ಹೊಡೆದ. "ಹುಜೂರ್, ನನ್ನ ಹೆಸರು ಮೌನಪ್ಪ ಅಂತ್ರಿ. ನಾಳೆ ಗಂಜ್ ಪ್ಯಾಟಿ ಹಿಂದ ನಾನೂ ಒಂದು ಮೆಕ್ಸಿಕೊ ತೆಗಿಯಾಕತ್ತೀನ್ರಿ. ಮೊದಲನೇ ಊಟ ತಮ್ಮದ ಆಗ್ಬೇಕು."

"ಏನೇನು ಮಾಡ್ತೀಯಪ್ಪ?" ಎಂದು ಬ್ಯಾರಿಸ್ಟರ್ ಆಸೆಯಿಂದ ಕೇಳಿದ.

"ಆ ದೇಶದಾಗ ಉಡ ಸುಟ್ಟು ತಿಂತಾರಂತ್ರಿ, ಲಾಲಪ್ಪ ಹೇಳ್ಯಾನ. ಎರಡು ಹಿಡದು ಬುಟ್ಟ್ಯಾಗ ಕಟ್ಟಿಟ್ಟೀನಿ."

ಬ್ಯಾರಿಸ್ಟರ್ ಹೊಸ ಮುನ್ಶಿಯ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟ. ಏಳು ತಲೆಮಾರಿನಿಂದ ಮೊಟ್ಟೆಯನ್ನೂ ಮುಟ್ಟದ ಮನೆಯ ಮರಿಲಿಂಗಪ್ಪ ಬೇಡವೆನ್ನಲು ಬಾಯಿ ತೆರೆದ. ನಾಲಿಗೆ ಹೊರಳಲಿಲ್ಲ.

"ಎರಡೂ ಕಾಯ್ದಿಡಪ್ಪ" ಎಂದ ಬ್ಯಾರಿಸ್ಟರ್. "ಒಂದು ನನಗ, ಒಂದು ಇವಗ. ಇವಂದು ಮೊದಲು."